ಅಪ್ಪನ ಬೋಟಿನ ಹೊಗೆ ಪೈಪು

ನಮ್ಮ ಮನೆಯ ಅಂಗಳದಲ್ಲಿ ಆರು ವರ್ಷ ಒಂದು ಬೋಟು ನಿಂತಿತ್ತು. ಕಾಮಾಕ್ಷಿಪಾಳ್ಯದಲ್ಲಿ, ಕೆರೆ ಎಂದು ಹೇಳಿಕೊಳ್ಳುವಂಥದ್ದು ಏನೂ ಉಳಿದಿರದ ಕಡೆ, ಇಪ್ಪತ್ತು ಅಡಿ ಉದ್ದದ ಫೈಬರ್ ಬೋಟು. ಯಾವುದೋ ಅಣೆಕಟ್ಟಿನ ಹಿನ್ನೀರಿನಲ್ಲಿ ಪ್ರವಾಸಿಗಳನ್ನು ಸುತ್ತಾಡಿಸಿ ಹಳೆಯದಾಗಿ ಗುಜರಿಗೆ ಹೊರಟಿದ್ದ ಅದನ್ನು ಅಪ್ಪ ಲಾರಿಯಲ್ಲಿ ಹೇರಿಸಿಕೊಂಡು ಬಂದ. ಗೇಟಿನಲ್ಲಿ ಹಿಡಿಸಲಿಲ್ಲವೆಂದು ಗೇಟಿನ ಒಂದು ಕಂಬ ಒಡೆಸಿದ. ಬೋಟು ಒಳಗೆ ಬಂದು ನಡುಮನೆಯ ಎರಡು ಕಿಟಕಿಗಳಿಗೂ ಅಡ್ಡವಾಗಿ ಕೂತಿತು. ಆಮೇಲೆ ಆ ಮನೆಯಲ್ಲಿ ಬೆಳಗಿನ ಕಾಫಿಗೂ ಟ್ಯೂಬ್‌ಲೈಟ್ ಹಾಕಬೇಕಾಯಿತು. ಅಮ್ಮ ಬಟ್ಟೆ ಒಣಹಾಕುತ್ತಿದ್ದ ಹಗ್ಗ ಹಿತ್ತಲಿಗೆ ಹೋಯಿತು. ಅಲ್ಲಿ ಶೆಡ್ಡುಗಳ ಲೇತ್ ಮಿಷನ್ನುಗಳ ದೂಳು ಹಾರಿ ಬಂದು ಬಿಳಿ ಬಟ್ಟೆಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದವು. ಶಾಲೆಗೆ ನಾನು ಬೂದು ಬಣ್ಣದ ರಿಬ್ಬನ್ ಕಟ್ಟಿಕೊಂಡು ಹೋಗುತ್ತಿದ್ದೆ. ಅದನ್ನು ನೋಡಿ ನಕ್ಕವರಿಗೆ ನಮ್ಮ ಮನೆಯಲ್ಲಿ ಬೋಟು ಇದೆ ಎಂದು ಹೇಳುತ್ತಿದ್ದೆ.

ಅಪ್ಪನಿಗೆ ಕೆಲಸ ಎನ್ನುವುದು ಇರಲಿಲ್ಲ. ತಾತ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಬೀದಿಗಳು ಎದ್ದವು, ಉಳಿದ ಚೂರಿನಲ್ಲಿ ಹತ್ತು ಶೆಡ್ಡುಗಳು ಎದ್ದವು, ಆ ಶೆಡ್ಡುಗಳಲ್ಲಿ ಬೇರೆಯವರು ಬೆವರು ಸುರಿಸುತ್ತಿದ್ದರು. ಅಪ್ಪ ಜಗುಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವರನ್ನು ನೋಡುತ್ತಾ ಕೂರುತ್ತಿದ್ದ. ಜೀವಮಾನದಲ್ಲಿ ಒಂದು ಸ್ಪ್ಯಾನರ್ ಎತ್ತದ ಈ ಮನುಷ್ಯನಿಗೆ, ಸ್ಪ್ಯಾನರ್ ಹಿಡಿದವರೆಲ್ಲ ಗೂಬೆಗಳು. ಲೇತ್ ಮಿಷನ್ನಿನವನು ಗೂಬೆ, ಗಾರ್ಮೆಂಟ್ಸ್ ಸೂಪರ್‌ವೈಸರ್ ಗೂಬೆ, ಹಾಲಿನವನು ಗೂಬೆ. ನಾನು ಅವನ ಒಬ್ಬಳೇ ಮಗಳು. ಕುರ್ಚಿಯ ಪಕ್ಕದ ಮೆಟ್ಟಿಲ ಮೇಲೆ ಕೂತು, ದಾರಿಯಲ್ಲಿ ಹೋಗುವವರಲ್ಲಿ ಯಾರು ಯಾಕೆ ಗೂಬೆ ಎಂಬುದನ್ನು ಅವನಿಂದ ಕಲಿಯುತ್ತಿದ್ದೆ. ಬಹಳ ಬೇಗ ಕಲಿತೆ. ಅಮ್ಮ ಕುಣಿಗಲ್ ಕಡೆಯ ಹಳ್ಳಿಯವಳು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಪ್ಪ ಅವಳನ್ನು 'ಏಳನೇ ಕ್ಲಾಸು' ಎಂದೇ ಕರೆಯುತ್ತಿದ್ದ. 'ಏಳನೇ ಕ್ಲಾಸೂ, ಕಾಫಿ ತಾರೇ' ಎಂದು ಅವನು ಕೂಗಿದರೆ ನನಗೆ ನಗು ಬರುತ್ತಿತ್ತು. ಅಪ್ಪ ಪಿಯುಸಿಯಲ್ಲಿ ಮೂರು ಸಲ ಫೇಲಾಗಿದ್ದ ಎಂಬುದು ನನಗೆ ಗೊತ್ತಾಗಿದ್ದು ನನ್ನ ಪಿಯುಸಿ ಮುಗಿದ ಮೇಲೆ.

ಬೋಟು ಬಂದ ಮೇಲೆ ಅಪ್ಪ ಜಗುಲಿಯಿಂದ ಬೋಟಿಗೆ ವಾಸ ಬದಲಿಸಿದ. ಬೋಟಿನ ಮುಂಭಾಗದಲ್ಲಿ ಗಾಜಿನ ಕಿಟಕಿಗಳಿದ್ದ ಪುಟ್ಟ ಕ್ಯಾಬಿನ್ ಇತ್ತು, ಅದರ ಹಿಂದೆ ಸ್ಟೀರಿಂಗ್ ಇದ್ದ ತೆರೆದ ಜಾಗ. ಅಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತು ಪೇಪರ್ ಓದುತ್ತಿದ್ದ. ಊಟವೂ ಅಲ್ಲಿಗೇ ಹೋಗಬೇಕು. ಭಾನುವಾರದ ಮಟನ್ ಸಾರು ಮುದ್ದೆಯನ್ನು ಅಮ್ಮ ತಟ್ಟೆಯಲ್ಲಿ ಹಿಡಿದು, ಸೀರೆ ಎತ್ತಿಕಟ್ಟಿ, ಕಬ್ಬಿಣದ ಏಣಿಯ ಎರಡು ಮೆಟ್ಟಿಲು ಹತ್ತಿ ಮೇಲಕ್ಕೆ ಕೊಡುತ್ತಿದ್ದಳು. ಅವನು ತಟ್ಟೆ ಇಸಿದುಕೊಂಡು, ಬೆರಳು ಅದ್ದಿ ನೋಡಿ, ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ.

'ಸಾರು ಆರೋಗಿದೆಯಲ್ಲೇ.'

ಒಣನೆಲದ ಮೇಲೆ ನಿಂತ ಬೋಟಿನಲ್ಲಿ ಕೂತು, ಸ್ಟೀರಿಂಗ್ ಮೇಲೆ ಒಂದು ಕೈ ಇಟ್ಟುಕೊಂಡು ಮುದ್ದೆ ನುಂಗುವ ಗಂಡಸನ್ನು ಬೀದಿಯ ಜನ ಕಾಂಪೌಂಡಿನ ಆಚೆಯಿಂದ ನೋಡಿ ಹೋಗುತ್ತಿದ್ದರು. ಅವರ ಮುಖದಲ್ಲಿ ಕಾಣುತ್ತಿದ್ದುದನ್ನು ನಾನು ಗೌರವ ಅಂದುಕೊಂಡಿದ್ದೆ. ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಮಾತ್ರ ಇದೆಲ್ಲ ದೊಡ್ಡ ಸಂಭ್ರಮ. ಗುಡಿಗೆ ಹೋದಲ್ಲಿ ಬಂದಲ್ಲಿ, ಬೋಟನ್ನು ಹಡಗು ಮಾಡಿ, ಹೇಳಿಕೊಂಡು ಬರುತ್ತಿದ್ದಳು.

'ನನ್ ಮಗ ಅಡಗು ತಂದವ್ನೆ ಕಣವ್ವ. ಈ ಪಾಳ್ಯದಾಗೆ ಯಾರ ಮನೇಲೈತೆ ಅಡಗು?'

ಬೋಟಿನ ಡೀಸೆಲ್ ಇಂಜಿನ್ ಇದ್ದದ್ದು ನಡುಭಾಗದಲ್ಲಿ, ನೆಲದ ಹಲಗೆಗಳ ಕೆಳಗೆ. ಅಲ್ಲಿಂದ ತೋಳಿನಷ್ಟು ದಪ್ಪದ ರಬ್ಬರ್ ಪೈಪೊಂದು ಹೊರಟು, ಬೋಟಿನ ಹಿಂಬದಿಯ ತೂತಿನವರೆಗೆ ಹೋಗುತ್ತಿತ್ತು. ಇಂಜಿನ್ನಿನ ಹೊಗೆ ಹೋಗಬೇಕಾದ ದಾರಿ ಅದು. ಹೊಗೆಯ ಜೊತೆಗೆ ಇಂಜಿನ್ ತಂಪು ಮಾಡಿದ ನೀರೂ ಅದರಲ್ಲೇ ಹರಿದು ಹೋಗುತ್ತದೆ. ನೀರು ಹರಿಯುವವರೆಗೂ ರಬ್ಬರು ತಣ್ಣಗಿರುತ್ತದೆ. ನೀರು ನಿಂತರೆ ಸುಡುತ್ತದೆ. ಇದನ್ನೆಲ್ಲ ನಮಗೆ ವಿವರಿಸಿದವರು ಜಬ್ಬಾರ್ ಸಾಹೇಬರು. ಹಿತ್ತಲ ಕೊನೆಯ ಶೆಡ್ಡಿನಲ್ಲಿ ಪಂಪುಸೆಟ್ಟು, ಜನರೇಟರು ರಿಪೇರಿ ಮಾಡುತ್ತಿದ್ದ, ಅಗಲ ಮೈಯ, ಸೊಂಟ ನೋವಿನ ಮನುಷ್ಯ. ಒಮ್ಮೆ ಅಪ್ಪ ಇಂಜಿನ್ ತೋರಿಸಲು ಕರೆದಾಗ ಅವರು ಹಲಗೆ ಎತ್ತಿ, ಟಾರ್ಚ್ ಬಿಟ್ಟು, ಪೈಪನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಬೆರಳು ಒಳಕ್ಕೆ ಇಳಿಯಿತು.

'ಸಾರ್, ಇಂಜಿನ್ ಚೆನ್ನಾಗಿದೆ. ಈ ಹೊಗೆ ಪೈಪು ಮಾತ್ರ ಸತ್ತೋಗಿದೆ. ಇದನ್ನ ಚೇಂಜ್ ಮಾಡ್ದೆ ಸ್ಟಾರ್ಟ್ ಮಾಡ್ಬೇಡಿ. ಹೊಗೆ ಎಲ್ಲಾ ಒಳಗೇ ತುಂಬ್ಕೊಳುತ್ತೆ.'

'ಸರಿ ಸರಿ, ನೋಡೋಣ' ಎಂದ ಅಪ್ಪ, ಅವರು ಏಣಿ ಇಳಿಯುವುದನ್ನೇ ಕಾದು ನನ್ನ ಕಡೆ ತಿರುಗಿದ. 'ಪಂಪುಸೆಟ್ಟಿನವನಿಗೆ ಬೋಟಿನ ವಿಷ್ಯ ಏನೇ ಗೊತ್ತು? ಗೂಬೆ.'

ಬಿರುಕು ಬಿಟ್ಟ ಕಡೆಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಅದರ ಮೇಲೆ ಟೇಪು ಸುತ್ತಿಸಿದ. ಆ ಕೆಲಸವನ್ನೂ ಅವನು ಮಾಡಲಿಲ್ಲ. ಪಕ್ಕದ ಸೈಕಲ್ ಶಾಪಿನವನು ಬಂದು ಮಾಡಿ ಹೋದ. ಅಪ್ಪ ಟಾರ್ಚನ್ನು ಕೂಡ ಹಿಡಿಯಲಿಲ್ಲ.

ಆಯುಧಪೂಜೆಯ ದಿನ ಬೋಟಿಗೆ ಬಾಳೆಕಂದು, ಚೆಂಡುಹೂವಿನ ಹಾರ. ಬೂದುಗುಂಬಳಕಾಯಿ ಒಡೆದು ಕುಂಕುಮ ಚೆಲ್ಲಿದ್ದಾಯಿತು. ಚಿಕ್ಕಪ್ಪನ ಮನೆಯವರು ವಿಜಯನಗರದಿಂದ ಬಂದಿದ್ದರು. ಇಂಜಿನ್ ಓಡಿಸಿ ತೋರಿಸದಿದ್ದರೆ ಅಪ್ಪನಿಗೆ ಹಬ್ಬ ಮುಗಿಯುವಂತಿರಲಿಲ್ಲ. ಮಾಳಿಗೆಯ ಟ್ಯಾಂಕಿನಿಂದ ಒಂದು ಹಸಿರು ಪೈಪು ಎಳೆದು ಇಂಜಿನ್ನಿಗೆ ನೀರು ಬಿಡಿಸಿದ. ಅಜ್ಜಿಯನ್ನೂ ನನ್ನನ್ನೂ ಕ್ಯಾಬಿನ್ನಿನೊಳಗೆ ಕೂರಿಸಿ, ದೂಳು ಬರುತ್ತದೆಂದು ಗಾಜು, ಬಾಗಿಲು ಎಲ್ಲ ಮುಚ್ಚಿದ. ತಾನು ಹೊರಗೆ ಸ್ಟೀರಿಂಗ್ ಹಿಡಿದು ನಿಂತ. ಇಂಜಿನ್ ಗುಡುಗಿತು, ಹಲಗೆಗಳು ನಡುಗಿದವು, ಕೆಳಗೆ ಚಿಕ್ಕಪ್ಪ ಚಪ್ಪಾಳೆ ತಟ್ಟಿದ. ಅಪ್ಪ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಬೋಟು ಇದ್ದಲ್ಲೇ ಇತ್ತು.

ಸ್ವಲ್ಪ ಹೊತ್ತಿನಲ್ಲೇ ಮಾಳಿಗೆಯ ಟ್ಯಾಂಕು ಬರಿದಾಯಿತು. ಅದು ಯಾರಿಗೂ ಗೊತ್ತಾಗಲಿಲ್ಲ, ಅಪ್ಪನ ಗಮನವೆಲ್ಲ ಬೀದಿಯ ಕಡೆಗಿತ್ತು. ಕ್ಯಾಬಿನ್ನಿನಲ್ಲಿ ಸುಟ್ಟ ರಬ್ಬರಿನ ವಾಸನೆ ಬಂತು. ನನಗೆ ತಲೆ ಸಿಡಿಯತೊಡಗಿತು. ಅಜ್ಜಿ ನನ್ನ ಮೊಣಕೈ ಹಿಡಿದುಕೊಂಡಳು.

'ತಲೆ ಸುತ್ತತದೆ ಕಣವ್ವ. ನಿಮ್ಮಪ್ಪನ್ನ ಕರಿ.'

'ಸುಮ್ನಿರಜ್ಜಿ. ಎಲ್ಲಾ ನೋಡ್ತಾ ಇದಾರೆ' ಎಂದೆ ನಾನು.

ಇದನ್ನು ಬರೆಯುವಾಗ ನನ್ನ ಬಗ್ಗೆ ಹುಟ್ಟುವ ಹೇಸಿಗೆ ಅಪ್ಪನ ಬಗ್ಗೆ ಹುಟ್ಟುವುದಕ್ಕಿಂತ ಕಡಿಮೆಯೇನಿಲ್ಲ. ಹನ್ನೆರಡು ವರ್ಷದ ನನಗೆ ಅದು ವಿಷದ ಹೊಗೆ ಎಂದು ಗೊತ್ತಿರಲಿಲ್ಲ, ನಿಜ. ಆದರೆ ಅಜ್ಜಿಗೆ ಆಗುತ್ತಿಲ್ಲ ಎಂಬುದು ಗೊತ್ತಿತ್ತು. ಹೆದರಿಕೊಂಡು ಕೂಗುವವರು, ತಲೆನೋವು ಎನ್ನುವವರು, ಸಾಕು ನಿಲ್ಲಿಸಿ ಎನ್ನುವವರು ಅಪ್ಪನ ಲೆಕ್ಕದಲ್ಲಿ ಏನೆಂದು ನನಗೆ ಗೊತ್ತಿತ್ತು. ಆ ಗುಂಪಿಗೆ ಸೇರಲು ನನಗೆ ಇಷ್ಟವಿರಲಿಲ್ಲ. ಅಜ್ಜಿಯ ಕೈ ನನ್ನ ಮೊಣಕೈಯಿಂದ ಜಾರಿತು. ಅವಳ ತಲೆ ಗಾಜಿಗೆ ಒರಗಿತು. ನಾನು ಏಳಲು ನೋಡಿದೆ, ಕಾಲುಗಳು ನನ್ನವಾಗಿರಲಿಲ್ಲ.

ಕೋಸಂಬರಿ ತಟ್ಟೆ ಹಿಡಿದು ಬಂದ ಅಮ್ಮ ಗಾಜಿನ ಒಳಗೆ ಮಬ್ಬು ಕಟ್ಟಿದ್ದನ್ನು ನೋಡಿದಳು. ತಟ್ಟೆ ಬಿಸಾಡಿ, ಬಾಳೆಕಂದು ನೆಡಲು ತಂದಿಟ್ಟಿದ್ದ ಹಾರೆ ಎತ್ತಿ ಗಾಜಿಗೆ ಹೊಡೆದಳು. ಗಾಜು ಒಡೆದ ಸದ್ದಿಗೆ ಅಪ್ಪ ತಿರುಗಿ ಅವಳನ್ನು ಬೈದದ್ದು ನನಗೆ ಕೇಳಿಸಿತು. ಆಮೇಲೆ ಜಬ್ಬಾರ್ ಸಾಹೇಬರು ಓಡಿ ಬಂದು ಇಂಜಿನ್ ನಿಲ್ಲಿಸಿದರು. ಅವರೂ ಅಮ್ಮನೂ ಸೇರಿ ನಮ್ಮಿಬ್ಬರನ್ನು ಹೊರಗೆಳೆದರು. ನಾನು ಅಂಗಳದಲ್ಲೇ ವಾಂತಿ ಮಾಡಿಕೊಂಡೆ. ಅಜ್ಜಿಯನ್ನು ಚಿಕ್ಕಪ್ಪನ ಕಾರಿನಲ್ಲಿ ಆಸ್ಪತ್ರೆಗೆ ಒಯ್ದು ಮೂಗಿಗೆ ಆಕ್ಸಿಜನ್ ಹಾಕಿದರು. ಇನ್ನು ಹತ್ತು ನಿಮಿಷ ಒಳಗೇ ಇದ್ದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಅಜ್ಜಿ ಮನೆಗೆ ಬಂದಳು. ಆದರೆ ಬಲಗೈ ನಡುಗುವುದು ನಿಲ್ಲಲಿಲ್ಲ. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಮಡಿಲಿಗೆ ಬೀಳುತ್ತಿತ್ತು. ಅಪ್ಪ ಎಲ್ಲರಿಗೂ ಕಾರಣ ವಿವರಿಸಿದ.

'ಹಬ್ಬದ ದಿನ ಪಾತ್ರೆ ತೊಳೀತೀನಿ ಅಂತ ಇವಳು ಟ್ಯಾಂಕ್ ನೀರೆಲ್ಲ ಖಾಲಿ ಮಾಡಿದ್ಲು. ಏಳನೇ ಕ್ಲಾಸು. ಏನ್ ಹೇಳೋಣ?'

ಅಲ್ಲಿಗೆ ಅವನಿಗೆ ಬೋಟಿನ ಮೇಲಿನ ಪ್ರೀತಿ ಮುಗಿಯಿತು, ಜಗುಲಿಯ ಕುರ್ಚಿಗೆ ವಾಪಸ್ಸಾದ. ಮಾಗಡಿ ಕಡೆ ಒಂದು ಜಲಾಶಯದಲ್ಲಿ ಪ್ರವಾಸಿಗಳಿಗೆ ಬೋಟು ಓಡಿಸುವ ಮನುಷ್ಯನೊಬ್ಬ ಬಂದು ನೋಡಿ, ಇಂಜಿನ್ ಓಡಿದರೆ ತೆಗೆದುಕೊಳ್ಳುತ್ತೇನೆ, ಹದಿನೈದು ದಿನ ಬಿಟ್ಟು ಬರುತ್ತೇನೆ ಎಂದು ಹೋದ. ಅಪ್ಪ ಸೈಕಲ್ ಶಾಪಿನವನನ್ನೇ ಮತ್ತೆ ಕರೆಸಿ, ಸುಟ್ಟ ಪೈಪಿನ ಮೇಲೆ ಹೊಸ ಟೇಪು ಸುತ್ತಿಸಿ, ಕಪ್ಪು ಪೇಂಟು ಬಳಿಸಿದ. ದೂರದಿಂದ ಹೊಸದರಂತೆಯೇ ಕಾಣುತ್ತಿತ್ತು. ಸೈಕಲ್ ಶಾಪಿನವನು ಪೇಂಟಿನ ಡಬ್ಬಿ ಹಿಡಿದು ಏಣಿ ಇಳಿಯುವುದನ್ನು ಅಮ್ಮ ನೋಡಿದ್ದು ಜಗುಲಿ ಗುಡಿಸುವಾಗ. ಪೊರಕೆ ಕೈಯಲ್ಲಿ ಹಿಡಿದೇ ಅಪ್ಪನ ಮುಂದೆ ಬಂದು ನಿಂತಳು.

'ರೀ, ಆ ಪೈಪು ಹಂಗೇ ಇಟ್ಟು ಕೊಡ್ತೀರಾ?'

'ಮಾರೋ ಮಾಲಿಗೆ ಯಾವನಾದ್ರೂ ಹೊಸ ಪೈಪ್ ಹಾಕ್ತಾನೇನೇ? ತಗೊಂಡೋನು ಹಾಕ್ಕೋತಾನೆ.'

'ಅವ್ರಿಗೆ ಹೇಳಿದೀರಾ?'

'ಹೇಳಿದ್ರೆ ತಗೋತಾನಾ? ಒಳಗೋಗು.'

'ಅದ್ರಲ್ಲಿ ಕೂತ್ಕೊಳ್ಳೋದು ಯಾರ್ ಮಕ್ಳೋ. ನಮ್ಮನೇದು ಕಣ್ಣಾರೆ ನೋಡಿದ್ದಾಯ್ತಲ್ಲ.'

'ಲೇ, ನಿಂಗ್ಯಾಕೆ ಊರೋರ್ ಮಕ್ಳ ಉಸಾಬರಿ? ಹೋಗಿ ಅನ್ನಕ್ಕಿಡು.'

ಅಮ್ಮ ಒಳಗೆ ಹೋದಳು. ನಾನು ಮೆಟ್ಟಿಲ ಮೇಲೆ ಕೂತು, ಅಪ್ಪ ಗೆದ್ದ ಎಂದುಕೊಂಡೆ. ಎರಡು ನಿಮಿಷದಲ್ಲಿ ಅವಳು ಅಡುಗೆಮನೆಯ ದೊಡ್ಡ ಚಾಕು ಹಿಡಿದು ಹೊರಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಏಣಿ ಹತ್ತಿ, ಬೋಟಿನೊಳಗೆ ಇಳಿದು, ಹಲಗೆ ಎತ್ತಿಟ್ಟಳು. ಊಟದ ತಟ್ಟೆ ಮೇಲಕ್ಕೆ ಕೊಡುವುದು, ಹಬ್ಬದ ದಿನ ನಮ್ಮನ್ನು ಹೊರಗೆಳೆದದ್ದು, ಇವೆರಡರ ಹೊರತು ಆ ಬೋಟನ್ನು ಅವಳು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಅಪ್ಪ 'ಏಯ್, ಏಯ್' ಎನ್ನುತ್ತಾ ಕುರ್ಚಿಯಿಂದ ಏಳುವಷ್ಟರಲ್ಲಿ ಅವಳು ಪೈಪನ್ನು ಅಡ್ಡಕ್ಕೆ, ಉದ್ದಕ್ಕೆ ಸೀಳಿ ಹಾಕಿದ್ದಳು. ಇನ್ನು ಯಾವ ಟೇಪಿಗೂ ಅದು ಜಗ್ಗುವಂತಿರಲಿಲ್ಲ.

'ಈಗ ಹೊಸದೇ ಹಾಕ್ಬೇಕು' ಎಂದಳು.

ಅಪ್ಪ ಹೊಡೆಯಲು ಕೈ ಎತ್ತಿದ. ಅವನು ನೆಲದ ಮೇಲಿದ್ದ, ಅವಳು ಬೋಟಿನ ಮೇಲೆ. ಹೊಡೆಯಬೇಕೆಂದರೆ ಏಣಿ ಹತ್ತಬೇಕಿತ್ತು. ಅಷ್ಟು ಶ್ರಮ ಅವನಿಂದಾಗಲಿಲ್ಲ. ಯಾರೂ ಬಂದು ಕೈ ಹಾಕಕೂಡದು, ಏಳನೇ ಕ್ಲಾಸೇ ಹಾಕಲಿ, ನೋಡೋಣ ಎಂದು ಹೇಳಿ ಪೇಪರ್ ಬಿಚ್ಚಿಕೊಂಡ.

ಅಪ್ಪ ಏನೇ ಅಂದರೂ ಅಮ್ಮ ಕರೆದಳೆಂದು ಜಬ್ಬಾರ್ ಸಾಹೇಬರು ಬಂದರು. ಇಂಜಿನ್ನಿನ ಪಕ್ಕದ ಸಂದಿಯಲ್ಲಿ ಅವರ ಅಗಲ ಮೈ ಇಳಿಯುತ್ತಿರಲಿಲ್ಲ. ಅಂಚಿನ ಮೇಲೆ ಕೂತು ಅವರು ಹೇಳುವುದು, ಅಮ್ಮ ಸಂದಿಯಲ್ಲಿ ಮಲಗಿ ಮಾಡುವುದು ಎಂದಾಯಿತು. ಪೈಪಿನ ಎರಡು ತುದಿಗೂ ಎರಡೆರಡು ಕಬ್ಬಿಣದ ಕ್ಲಿಪ್ಪುಗಳಿದ್ದವು. ಮೂರು ಬಿಚ್ಚಿ ಬಂದವು. ನಾಲ್ಕನೆಯದು ತುಕ್ಕು ಹಿಡಿದು ಕೂತಿತ್ತು, ಅದನ್ನು ಗರಗಸದ ಬ್ಲೇಡಿನಿಂದ ಕೊಯ್ಯಲು ಒಂದು ಮಧ್ಯಾಹ್ನ ಹಿಡಿಯಿತು. ಹಳೆಯ ಪೈಪು ಹೊರಬಂದಾಗ ಜಬ್ಬಾರ್ ಸಾಹೇಬರು ಅದನ್ನು ಬಿಡಿಸಿ ನನಗೆ ತೋರಿಸಿದರು. ಒಳಗಿನ ರಬ್ಬರು ಪದರ ಪದರವಾಗಿ ಎದ್ದು ದಾರಿಯನ್ನೇ ಮುಚ್ಚಿತ್ತು.

'ನೋಡು ಪಾಪ, ಹೊಗೆ ಎಲ್ಲಿಂದ ಹೋಗ್ಬೇಕು ಹೇಳು?'

ಆ ತುಂಡನ್ನು ಪೇಪರಿನಲ್ಲಿ ಸುತ್ತಿಕೊಂಡು ಅಮ್ಮ ನನ್ನನ್ನು ಕರೆದುಕೊಂಡು ಅಂಗಡಿಗಳಿಗೆ ಹೋದಳು. ಮಾಗಡಿ ರೋಡಿನ ಮೊದಲ ಅಂಗಡಿಯವನು ಬಾವಿಗೆ ಹಾಕುವ ಹಸಿರು ಪೈಪು ತೋರಿಸಿ 'ಇದೇ ಸಾಕು ಆಂಟಿ, ಎಲ್ಲಾ ಒಂದೇ' ಎಂದ. ಅಮ್ಮ ಜಬ್ಬಾರ್ ಸಾಹೇಬರು ಹೇಳಿಕೊಟ್ಟಿದ್ದನ್ನೇ ಕೇಳಿದಳು: ಬಿಸಿ ತಡೆಯುತ್ತಾ, ಒಳಗೆ ತಂತಿ ಇದೆಯಾ, ಬಗ್ಗಿಸಿದರೆ ಮಡಚಿಕೊಳ್ಳುತ್ತಾ? ಅವನು ನಕ್ಕ. ನನಗೆ ನಾಚಿಕೆಯಾಯಿತು, ಅವನ ಬಗ್ಗೆ ಅಲ್ಲ, ಅಮ್ಮನ ಬಗ್ಗೆ. ಎರಡನೆಯವನೂ ನಕ್ಕ. ನಾಲ್ಕನೆಯ ಅಂಗಡಿಯಲ್ಲಿ ಕನ್ನಡಕದ ಮುದುಕರೊಬ್ಬರು ನಗಲಿಲ್ಲ. ತುಂಡನ್ನು ಮೂಸಿ ನೋಡಿ, ಅಟ್ಟದಿಂದ ದಪ್ಪ ಕಪ್ಪು ಪೈಪಿನ ಸುರುಳಿ ಇಳಿಸಿದರು. ಹಳೆಯದಕ್ಕಿಂತ ಒಂದು ಗೇಣು ಉದ್ದ ಕತ್ತರಿಸಿ ಕೊಡಿ ಎಂದಳು ಅಮ್ಮ. ಇಂಜಿನ್ನಿನ ಕಡೆ ಎತ್ತರವಾಗಿದ್ದು ಹಿಂದಕ್ಕೆ ಇಳಿಜಾರಾಗಿರಬೇಕು, ಇಲ್ಲದಿದ್ದರೆ ನೀರು ವಾಪಸ್ಸು ಇಂಜಿನ್ನಿಗೆ ಹೋಗುತ್ತದೆ ಎಂದು ಅವರಿಗೆ ವಿವರಿಸಿದಳು. ಮುದುಕರು ತಲೆಯಾಡಿಸಿ 'ಬೋಟಾ ತಾಯಿ? ಕಾಮಾಕ್ಷಿಪಾಳ್ಯದಲ್ಲಾ?' ಎಂದಷ್ಟೇ ಕೇಳಿದರು.

ಹೊಸ ಪೈಪು ಗಟ್ಟಿ, ತುದಿಗೆ ಏರುತ್ತಲೇ ಇರಲಿಲ್ಲ. ಅಮ್ಮ ಬಚ್ಚಲ ಹಂಡೆಯ ಕುದಿನೀರಿನಲ್ಲಿ ಅದರ ತುದಿ ಅದ್ದಿ, ಒಳಗೆಲ್ಲ ಬಟ್ಟೆಸೋಪು ಹಚ್ಚಿ, ಸಂದಿಯಲ್ಲಿ ಮಲಗಿ ತಿರುಚಿ ತಿರುಚಿ ತಳ್ಳಿದಳು. ಮೊಣಕೈ ತರಚಿತು, ಬಳೆ ಎರಡು ಒಡೆದವು. ಕೊನೆಗೆ ಹಿಂಬದಿಯ ಮೂಲೆಯ ಕ್ಲಿಪ್ಪು ಉಳಿಯಿತು. ಅಲ್ಲಿಗೆ ಅವಳ ಕೈ ತಲುಪಲಿಲ್ಲ.

'ನೀನು ಬಾರೇ. ನಿನ್ ಕೈ ಸಣ್ಣದು.'

ನಾನು ಅಪ್ಪನ ಕಡೆ ನೋಡಿದೆ. ಅವನು ಪೇಪರಿನ ಮೇಲಿನಿಂದ ನನ್ನನ್ನೇ ನೋಡುತ್ತಿದ್ದ. ಹೋಗಲು ನನಗೆ ಮನಸ್ಸಿರಲಿಲ್ಲ. ಆದರೆ ಒಳಗಿನಿಂದ, ನಡುಮನೆಯ ಕತ್ತಲಿನಿಂದ, ಅಜ್ಜಿಯ ಕೈ ಲೋಟಕ್ಕೆ ಬಡಿದು ಲೋಟ ಉರುಳಿದ ಸದ್ದಾಯಿತು. ನಾನು ಏಣಿ ಹತ್ತಿದೆ. ಡೀಸೆಲ್ ವಾಸನೆಯ ಸಂದಿಯಲ್ಲಿ ಅಮ್ಮನ ಪಕ್ಕ ಮಲಗಿ, ಕ್ಲಿಪ್ಪಿನ ಸ್ಕ್ರೂ ತಿರುಗಿಸಿದೆ. ಅವಳ ಬೆವರು ನನ್ನ ಕೆನ್ನೆಗೆ ಅಂಟುತ್ತಿತ್ತು. 'ಇನ್ನೊಂದು ಸುತ್ತು. ಸಾಕು. ಜಾಸ್ತಿ ಬಿಗಿದ್ರೆ ರಬ್ಬರು ಕುಯ್ಯುತ್ತೆ' ಎಂದಳು. ಅಷ್ಟು ತಿಳಿದವಳ ದನಿಯನ್ನು ಆ ಮನೆಯಲ್ಲಿ ನಾನು ಮೊದಲ ಸಲ ಕೇಳಿದೆ.

ಡ್ರಮ್ಮಿನಲ್ಲಿ ನೀರು ತುಂಬಿಸಿ ಇಂಜಿನ್ ಶುರು ಮಾಡಿದರು. ಜಬ್ಬಾರ್ ಸಾಹೇಬರು ಅಮ್ಮನ ಕೈಯಲ್ಲಿ ಜೋಡಣೆಗಳಿಗೆಲ್ಲ ಸೋಪಿನ ನೊರೆ ಬಳಿಸಿದರು. ಎಲ್ಲೂ ಗುಳ್ಳೆ ಏಳಲಿಲ್ಲ, ಅಂದರೆ ಹೊಗೆ ಸೋರುತ್ತಿರಲಿಲ್ಲ. ಹಿಂಬದಿಯ ತೂತಿನಿಂದ ನೀರೂ ಹೊಗೆಯೂ ಒಟ್ಟಿಗೆ ಚಿಮ್ಮತೊಡಗಿದವು. ಮುಗಿಯಿತು ಎಂದುಕೊಂಡೆವು. ಅಮ್ಮ ಹಾಗೆ ಅಂದುಕೊಳ್ಳಲಿಲ್ಲ. ಒಡೆದ ಗಾಜಿಗೆ ರಟ್ಟು ಒತ್ತಿ, ತಾನು ಕ್ಯಾಬಿನ್ನಿನೊಳಗೆ ಹೋಗಿ ಬಾಗಿಲು ಎಳೆದುಕೊಂಡಳು.

'ಬೇಡ ಅಕ್ಕ, ಬನ್ನಿ ಹೊರಗೆ' ಎಂದರು ಜಬ್ಬಾರ್ ಸಾಹೇಬರು.

'ಸ್ವಲ್ಪ ಹೊತ್ತು ಕೂತು ನೋಡ್ತೀನಿ ಅಣ್ಣ. ಇಲ್ಲಾಂದ್ರೆ ಹೆಂಗೆ ಕೊಡೋದು?'

ನಾನು ಗಾಜಿಗೆ ಮುಖ ಒತ್ತಿ ನಿಂತೆ. ಅಜ್ಜಿ ಕೂತಿದ್ದ ಜಾಗದಲ್ಲೇ ಅಮ್ಮ ಕೂತಿದ್ದಳು. ಅವಳ ಕಣ್ಣು ಮುಚ್ಚಿದರೆ ಗಾಜು ಒಡೆಯಬೇಕೆಂದು ಹಾರೆ ಹತ್ತಿರಕ್ಕೆ ಎಳೆದಿಟ್ಟುಕೊಂಡೆ. ಮತ್ತೆ ಮತ್ತೆ ಗಾಜು ತಟ್ಟುತ್ತಿದ್ದೆ. ಪ್ರತಿ ಸಲವೂ ಅವಳು ಅಂಗೈ ಎತ್ತಿ ತೋರಿಸುತ್ತಿದ್ದಳು, ಮಸಿ ಮೆತ್ತಿದ ಅಂಗೈ. ಕಾಲು ಗಂಟೆ ಹಾಗೆ ಕಳೆಯಿತು. ಅಷ್ಟೂ ಹೊತ್ತು ಅಪ್ಪ ಜಗುಲಿಯಲ್ಲಿ ಸಿನಿಮಾ ಪುಟ ಓದುತ್ತಿದ್ದ. ಅವಳು ಹೊರಬಂದು, ಮುಖ ತೊಳೆದುಕೊಂಡು, ಅನ್ನಕ್ಕಿಟ್ಟಳು.

ಬೋಟು ಹೋದ ಮಾರನೆಯ ಭಾನುವಾರ ಚಿಕ್ಕಪ್ಪ ಊಟಕ್ಕೆ ಬಂದಿದ್ದ. ನಡುಮನೆಯಲ್ಲಿ ಎಲೆ ಹಾಕಿತ್ತು. ಅಪ್ಪ ಮಟನ್ನಿನ ಮೂಳೆ ಚೀಪುತ್ತಾ ಹೇಳಿದ.

'ಆ ಹೊಗೆ ಪೈಪು ಇತ್ತಲ್ಲ, ನಾನೇ ಕೂತು ಚೇಂಜ್ ಮಾಡ್ದೆ ಕಣೋ. ಈ ಮೆಕ್ಯಾನಿಕ್ಕುಗಳನ್ನ ನಂಬಕ್ಕಾಗಲ್ಲ. ಬೇಕಾದ್ರೆ ಇವಳನ್ನ ಕೇಳು.'

ಎಲ್ಲರೂ ನನ್ನನ್ನು ನೋಡಿದರು. ಅಪ್ಪನಿಗೆ ನಾನು ಏನು ಹೇಳುತ್ತೇನೆಂಬುದರಲ್ಲಿ ಅನುಮಾನವೇ ಇರಲಿಲ್ಲ. ಹುಟ್ಟಿದಾಗಿನಿಂದ ನಾನು ಅವನ ಪರವೇ ಅಲ್ಲವೇ?

'ಅಮ್ಮ ಹಾಕಿದ್ದು' ಎಂದೆ.

ಚಿಕ್ಕಪ್ಪ ಅಮ್ಮನ ಕಡೆ ತಿರುಗಿದ. ಆಮೇಲೆ ಅಪ್ಪ ಗಹಗಹಿಸಿ ನಕ್ಕ.

'ಹೌದೌದು! ಸೋಪು ಹಚ್ಚಿದ್ದು ಅವಳೇ!'

ಚಿಕ್ಕಪ್ಪ ನಕ್ಕ, ಚಿಕ್ಕಮ್ಮ ನಕ್ಕಳು. ಸಾರಿನ ಪಾತ್ರೆ ಹಿಡಿದು ನಿಂತಿದ್ದ ಅಮ್ಮನೂ ಅವರ ಜೊತೆ ನಕ್ಕಳು.

'ಹೂಂ, ಸೋಪು ಹಚ್ಚಿದ್ದು ನಾನೇ. ಇನ್ನೊಂದು ಮುದ್ದೆ ಹಾಕ್ಲಾ?'

ಆ ನಗುವಿಗಾಗಿ ನಾನು ಎಷ್ಟೋ ವರ್ಷ ಅವಳನ್ನು ಕ್ಷಮಿಸಲಿಲ್ಲ. ಅಪ್ಪನ ಸುಳ್ಳು ನನಗೆ ಅಷ್ಟು ಹೇಸಿಗೆ ಹುಟ್ಟಿಸಲಿಲ್ಲ. ಅವನಿಂದ ಇನ್ನೇನು ಬರುತ್ತಿತ್ತು? ನಾನು ಮೊದಲ ಸಲ ಅವಳ ಪರ ಬಾಯಿ ತೆರೆದಾಗ ಅವಳೇ ನನ್ನನ್ನು ಸುಳ್ಳಿಯನ್ನಾಗಿ ಮಾಡಿದಳಲ್ಲ ಎಂಬುದು ಉರಿಸಿತು. ಎಲೆ ಬಿಟ್ಟು ಎದ್ದು ಅಡುಗೆಮನೆಗೆ ಹೋಗಿ ಅವಳನ್ನು ಅಡ್ಡಗಟ್ಟಿದೆ.

'ಯಾಕೆ ಹಂಗೆ ಹೇಳ್ದೆ?'

'ಹೇಳ್ಕೊಳ್ಳಲಿ ಬಿಡೇ. ಅದ್ರಲ್ಲಿ ಕೂತೋರು ಸಾಯಲ್ಲ. ನಂಗಷ್ಟೇ ಬೇಕಾಗಿದ್ದು.' ತಟ್ಟೆಯಲ್ಲಿ ಮುದ್ದೆ ಮುರಿದು, ಸಾರು ಬಿಟ್ಟು ನನ್ನ ಕೈಗಿಟ್ಟಳು. 'ಹೋಗು, ಅಜ್ಜಿಗೆ ತಿನ್ಸು. ಆರೋಗತ್ತೆ.'

ಅಜ್ಜಿ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಬಲಗೈ ಮಡಿಲಲ್ಲಿ ನಡುಗುತ್ತಿತ್ತು. ಹೊರಗೆ ಅಪ್ಪ ಕ್ಲಿಪ್ಪು ಬಿಗಿದ ಬಗೆಯನ್ನು ವಿವರಿಸುವುದು ಕೇಳಿಸುತ್ತಿತ್ತು. ಮಗನ ಮೇಲೆ ಒಂದು ಮಾತು ಬಂದರೂ ಸಹಿಸದವಳು ಅವಳು. ಆದರೂ ನನಗೆ ತಡೆದುಕೊಳ್ಳಲಾಗಲಿಲ್ಲ.

'ಅಜ್ಜಿ, ಪೈಪು ಹಾಕಿದ್ದು ಅಪ್ಪ ಅಲ್ಲ. ಅಮ್ಮ.'

ಅಜ್ಜಿ ತುತ್ತನ್ನು ನಿಧಾನವಾಗಿ ನುಂಗಿದಳು. ಹೊರಗಿನ ನಗು ನಿಲ್ಲುವವರೆಗೆ ಕಾದಳು.

'ಹೆತ್ತೋಳು ನಾನು, ನಂಗೊತ್ತಿಲ್ವೇನವ್ವ?' ಎಂದಳು. 'ಅವ್ನು ಯಾವತ್ತು ಕೈ ಮಸಿ ಮಾಡ್ಕಂಡವ್ನೆ?'

ಮತ್ತೆ ಬಾಯಿ ತೆರೆದಳು. ನಾನು ಇನ್ನೊಂದು ತುತ್ತು ಇಟ್ಟೆ.